ಸಾಯಲೊಪ್ಪದ ಕಣ

ಅಜೆಕಾರು
11-6-1989

ಪ್ರೀತಿಯ ರತ್ನಾ,

ವರ್ಷ ಕಳೆಯಿತು ನಿನಗೆ ಬರೆಯದೆ. ಬೈಯುವುದಿದ್ದರೆ ಈಗಲೇ ಬೈದುಬಿಡು. ಶಾಲೆ ಸುರುವಾಗಿದೆ, ನನಗೆ ಈ ಸಲ ಮೂರನೇ ಕ್ಲಾಸು. ಮಳೆ ಹೊಯ್ಯುವಾಗ ಹೆಂಚಿನ ಸದ್ದಿನಲ್ಲಿ ಮಕ್ಕಳ ಮಗ್ಗಿ ಕೇಳಿಸುವುದಿಲ್ಲ, ಬಾಯಿ ಆಡುವುದು ಮಾತ್ರ ಕಾಣುತ್ತದೆ. ಮೇಬಲ್‌ಗೆ ನಾಲ್ಕು ತುಂಬಿತು. ಅವಳ ಪಪ್ಪ ಸ್ಟ್ಯಾನಿ ದುಬೈಯಿಂದ ಬಂದಿದ್ದಾರೆ. ಕಂಪೆನಿಯಲ್ಲಿ ಕೆಲಸ ಕಡಿಮೆಯಂತೆ, ಸ್ವಲ್ಪ ಸಮಯ ಇಲ್ಲಿಯೇ ಇರುತ್ತಾರೆ.

ಒಂದು ವಿಷಯ ಕೇಳಬೇಕಿತ್ತು. ಪೂಜೆಗೆ ನಮ್ಮ ಇಗರ್ಜಿಗೇ ಬರುವ ಒಬ್ಬರನ್ನು ಗಲ್ಫಿನಿಂದ ವಾಪಸ್ಸು ಕಳಿಸಿದ್ದಾರೆ. ವೀಸಾಕ್ಕಾಗಿ ರಕ್ತ ಪರೀಕ್ಷೆ ಮಾಡಿದರಂತೆ. ಸಾಮಾನು ಕಟ್ಟಲೂ ಬಿಡದೆ ವಿಮಾನ ಹತ್ತಿಸಿದರಂತೆ. ಪೇಪರಿನಲ್ಲಿ ಬರುತ್ತದಲ್ಲ, ಆ ಏಡ್ಸ್. ಅವರ ಹೆಂಡತಿ ನನ್ನ ಹತ್ತಿರ ಬಂದು, 'ಟೀಚರೇ, ಇದು ಎಂತದು?' ಎಂದು ಕೇಳಿದಳು. ನನಗೇನು ಗೊತ್ತು? ಮಣಿಪಾಲದಲ್ಲಿ ವೈರಸ್ ಬಗ್ಗೆಯೇ ಸಂಶೋಧನೆ ಮಾಡುವ ಗೆಳತಿ ಇದ್ದಾಳೆ, ಕೇಳಿ ಹೇಳುತ್ತೇನೆ ಎಂದೆ. ಅರ್ಥವಾಗುವ ಹಾಗೆ ಬರೆ. ಆದಷ್ಟು ಬೇಗ ಬರೆ.

ನಿನ್ನ
ಆನಿ


ಮಣಿಪಾಲ
19-6-1989

ಆನಿ ಮಾರಾಯ್ತಿ,

ಬೈಯುವುದಿಲ್ಲ. ಒಂದು ವರ್ಷದ ಮೇಲೆ ಪತ್ರ ಬಂತು, ಅದೂ ನನ್ನ ವಿಷಯ ಕೇಳಿಕೊಂಡು! ಇಲ್ಲಿ ನನ್ನ ಕೆಲಸ ಎಂತ ಎಂದು ಕೇಳುವವರೇ ಇಲ್ಲ. ಕಾಪುವಿನ ಕಡಲಬದಿಯ ಮನೆಗೆ ಹೋದರೆ ಅಪ್ಪ, 'ಇನ್ನೂ ಇಲಿ ಕೊಯ್ಯುವುದಾ?' ಎನ್ನುತ್ತಾರೆ, ಅಷ್ಟೆ.

ನಮ್ಮ ರಕ್ತದ ಬಿಳಿ ಕಣಗಳು ಸೈನಿಕರು ಎಂದು ನೀನೇ ಮಕ್ಕಳಿಗೆ ಪಾಠ ಮಾಡಿರುತ್ತೀ. ಬೇರೆ ವೈರಸ್ಸುಗಳು ಮೂಗಿಗೋ ಹೊಟ್ಟೆಗೋ ನುಗ್ಗುತ್ತವೆ. ಇದು ಆ ಸೈನಿಕರ ಒಳಗೇ ಹೋಗಿ ಕೂರುತ್ತದೆ. ಒಂದೊಂದಾಗಿ ಅವು ಸಾಯುತ್ತವೆ. ಆಮೇಲೆ ಸಣ್ಣ ಕೆಮ್ಮು ಬಂದರೂ ತಡೆಯುವವರಿಲ್ಲ. ಮದ್ದು ಇನ್ನೂ ಇಲ್ಲ ಎಂದೇ ಹೇಳಬೇಕು.

ನನ್ನದು ಬೇರೆ ವೈರಸ್, ಇಲಿಯದ್ದು. ಆದರೆ ಪ್ರಶ್ನೆ ಹತ್ತಿರದ್ದೇ. ಕೇಳು, ಎಷ್ಟು ಚಂದ ಉಂಟು. ವೈರಸ್ ಹೊಕ್ಕ ಬಿಳಿ ಕಣಗಳಲ್ಲಿ ಹೆಚ್ಚಿನವು ತಾವಾಗಿಯೇ ಸಾಯುತ್ತವೆ. ಮುದುಡಿ, ಚೂರಾಗಿ, ಸದ್ದಿಲ್ಲದೆ ಹೋಗುತ್ತವೆ. ಅವುಗಳ ಜತೆ ವೈರಸ್ಸೂ ಮುಗಿಯಿತು, ಪಕ್ಕದ ಕಣಗಳು ಬಚಾವು. ಕೆಲವು ಮಾತ್ರ ಸಾಯಲು ಒಪ್ಪುವುದಿಲ್ಲ. ಜೀವಕೋಶವನ್ನು ಸಾವಿನಿಂದ ತಡೆಯುವ ಒಂದು ಜೀನ್ ಉಂಟೆಂದು ಹೋದ ವರ್ಷ ಹೊರದೇಶದವರು ಬರೆದಿದ್ದಾರೆ. ಅಂಥದ್ದೇನೋ ಇವುಗಳಲ್ಲಿ ಜೋರಾಗಿರಬೇಕು ಎಂದು ನನಗೂ ನಮ್ಮ ಗೈಡ್ ಡಾ. ಮ್ಯಾಥ್ಯೂ ಅವರಿಗೂ ಗುಮಾನಿ. ಹೊರಗಿನಿಂದ ಆರೋಗ್ಯವಾಗಿಯೇ ಕಾಣುತ್ತವೆ. ಒಳಗೆ ವೈರಸ್ಸನ್ನು ಸಾಕಿಕೊಂಡು ವಾರಗಟ್ಟಲೆ ಸುತ್ತಲೂ ಹಂಚುತ್ತವೆ. ಸೋಂಕು ತಗಲಿದ ಕಣ ಬೇಗ ಸತ್ತರೆ ಉಳಿದವರಿಗೆ ಉಪಕಾರ; ಸಾಯಲೊಪ್ಪದ ಕಣವೇ ಮನೆಗೆ ಅಪಾಯ!

ಆ ಗಂಡಸಿನ ವಿಷಯ. ಹೆಂಡತಿ ಮಕ್ಕಳನ್ನು ಬಿಟ್ಟು ದೂರ ಹೋದವರು ಅಲ್ಲಿ ಎಂತ ಮಾಡುತ್ತಾರೆಂದು ನಿನಗೆ ಹೇಳಬೇಕಾ? ಮಾಡಿದ್ದನ್ನು ಉಣ್ಣುತ್ತಾನೆ. ಪಾಪ, ಆ ಹೆಂಗಸು. ತಟ್ಟೆ ಲೋಟ ಬೇರೆ ಇಡಲು ಹೇಳು. ಮಕ್ಕಳಿದ್ದರೆ ಅವನು ಎತ್ತುವುದು ಬೇಡ. ನೀನೂ ಮೇಬಲ್‌ಳನ್ನು ಕರೆದುಕೊಂಡು ಆ ಮನೆಗೆ ಹೋಗಬೇಡ.

ಸ್ಟ್ಯಾನಿಗೆ ನಮಸ್ಕಾರ ಹೇಳು. ನನಗೆ ಸೆಂಟ್ ತಂದಿದ್ದಾರಾ?

ರತ್ನಾವತಿ


ಅಜೆಕಾರು
3-7-1989

ರತ್ನಾ,

ಪತ್ರ ಸಿಕ್ಕಿತು. ಹೇಳಬೇಕಾದದ್ದನ್ನು ಅವಳಿಗೆ ಹೇಳಿದೆ.

ಅವಳಿಗೆ ಇನ್ನೊಂದು ಸಂಶಯ. ಅವಳ ಗಂಡ ಹೋದ ಕ್ರಿಸ್ಮಸ್ಸಿಗೆ ರಜೆಯಲ್ಲಿ ಬಂದಿದ್ದರು. ಹಾಗಾದರೆ ಅವಳಿಗೂ ಬಂದಿರಬಹುದಾ? ಹೊರಗಿನಿಂದ ಗೊತ್ತಾಗುವುದಿಲ್ಲ ಎಂದು ನೀನೇ ಬರೆದಿದ್ದೀ. ಕಾರ್ಕಳದಲ್ಲಿ ಕೇಳುವ ಹಾಗಿಲ್ಲ, ಡಾಕ್ಟರರ ಕಂಪೌಂಡರ್ ನಮ್ಮ ಇಗರ್ಜಿಯವನೇ. ನಿಮ್ಮ ಮಣಿಪಾಲದಲ್ಲಿ ಹೆಸರು ಬರೆಸದೆ ಪರೀಕ್ಷೆ ಮಾಡಲಿಕ್ಕೆ ಆಗುತ್ತದಾ?

ಲಕೋಟೆಯ ಮೇಲೆ ನಿನ್ನ ವಿಭಾಗದ ಮೊಹರು ಹಾಕಬೇಡ. ಪೋಸ್ಟ್‌ಮ್ಯಾನ್ ಓದಿಯೇ ಕೊಡುವವನು.

ಆ ಮನುಷ್ಯನ ಬಗ್ಗೆ ನೀನು ಹಾಗೆ ಬರೆಯಬಾರದಿತ್ತು.

ಆನಿ


ಮಣಿಪಾಲ
14-7-1989

ಆನಿ,

ಇದೆಂತದು ಮಾರಾಯ್ತಿ, ಟೀಚರಮ್ಮ ನನಗೇ ಬೆತ್ತ ತೋರಿಸುವುದಾ? ಪಾದ್ರಿಗಳ ಪ್ರಸಂಗ ಕೇಳಿ ಕೇಳಿ ನೀನೂ ಎಲ್ಲರನ್ನೂ ಕ್ಷಮಿಸಲು ಹೊರಟಿದ್ದೀ ಎಂದು ಕಾಣುತ್ತದೆ. ನನಗೆ ಅಂಥ ಗಂಡಸರ ಮೇಲೆ ಕನಿಕರ ಇಲ್ಲ, ಹೇಳಿಬಿಟ್ಟೆ.

ಪರೀಕ್ಷೆ ಆಗುತ್ತದೆ. ಗುರುವಾರ ಕರೆದುಕೊಂಡು ಬಾ, ಹೆಸರು ಬೇಡ. ರಕ್ತ ಬೇರೆ ಊರಿಗೆ ಹೋಗಿ ಬರಬೇಕು, ತಡವಾಗುತ್ತದೆ. ಆದರೆ ಬರುವ ಮೊದಲು ಬರೆ, ಇಲ್ಲಿ ಪ್ರಬಂಧದ ಗಡಿಬಿಡಿ. ನನ್ನ ಹಟಮಾರಿ ಕಣಗಳು ಇನ್ನೂ ಸತ್ತಿಲ್ಲ! ಮ್ಯಾಥ್ಯೂ ಸರ್ ಎಲ್ಲರನ್ನೂ ಕರೆದು ತೋರಿಸುತ್ತಿದ್ದಾರೆ.

ಸ್ಟ್ಯಾನಿ ಹೋದರಾ, ಇನ್ನೂ ಇದ್ದಾರಾ? ನೀನು ಬರೆಯಲೇ ಇಲ್ಲ.

ರತ್ನಾ


ಮಣಿಪಾಲ
2-8-1989

ಆನಿ,

ಇವತ್ತು ಸ್ಟ್ಯಾನಿ ಇಲ್ಲಿಗೆ ಬಂದಿದ್ದರು.

ಜವಾನ ಬಂದು, ಯಾರೋ ಕಾರ್ಕಳ ಕಡೆಯವರು ಕಾಯುತ್ತಿದ್ದಾರೆ ಎಂದ. ನಾನು ಕೋಟು ಹಾಕಿಕೊಂಡೇ ಮೆಟ್ಟಿಲ ಹತ್ತಿರ ಹೋದೆ. ಕೊಡೆ ಹಿಡಿದು ಮಳೆಯಲ್ಲೇ ನಿಂತಿದ್ದರು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಇಷ್ಟು ಸಣಕಲಾಗಿದ್ದಾರೆ, ಆದರೂ ನಾನು ಪೆದ್ದಿ, 'ಸೆಂಟ್ ಎಲ್ಲಿ?' ಎಂದು ನಗಾಡಿದೆ.

ಅವರು ಕಿಸೆಯಿಂದ ನನ್ನ ಜೂನ್ ತಿಂಗಳ ಪತ್ರ ತೆಗೆದರು.

'ಇದು ನೀವು ಬರೆದದ್ದಲ್ವಾ ರತ್ನಾ?'

'ಹೌದು. ಆನಿ ಯಾರಿಗೋ ಬೇಕೆಂದು ಕೇಳಿದ್ದಳು.'

'ಸೋಂಕು ತಗಲಿದ ಕಣ ಬೇಗ ಸತ್ತರೆ ಉಳಿದವರಿಗೆ ಉಪಕಾರ ಅಂತ ಉಂಟು. ಅದು ಸರಿಯಾ? ಖಂಡಿತವಾ?'

ನಾನು ಎಂತ ಮಾಡಿದೆ ಗೊತ್ತುಂಟಾ? ವಿವರಿಸಿದೆ. ಯಾರೋ ಪರೀಕ್ಷಕರು ಕೇಳಿದ ಹಾಗೆ, ಉತ್ಸಾಹದಿಂದ. ಹೌದು, ನಮ್ಮ ಲ್ಯಾಬಿನ ಗಾಜಿನ ತಟ್ಟೆಗಳಲ್ಲಿ ಹಾಗೆಯೇ ಕಾಣುತ್ತಿದೆ ಎಂದೆ. ಅವರು ತಲೆ ಅಲ್ಲಾಡಿಸಿದರು. 'ಆಯಿತು. ಅದೊಂದು ಗೊತ್ತಾಗಬೇಕಿತ್ತು. ಉಪಕಾರ ಆಯಿತು' ಎಂದು ಕೈ ಮುಂದೆ ಮಾಡಿದರು.

ಆಗ ನನಗೆ ಹೊಳೆಯಿತು. ಯಾರ ಗಂಡ, ಯಾರ ಹೆಂಡತಿ, ಎಲ್ಲವೂ. ಅದು ಹೊಳೆಯುವಷ್ಟರಲ್ಲಿ ನನ್ನ ಎರಡೂ ಕೈ ಬೆನ್ನ ಹಿಂದೆ ಹೋಗಿತ್ತು, ಆನಿ. ಕೈ ಮುಟ್ಟಿದರೆ ಬರುವುದಿಲ್ಲ ಎಂದು ಓದಿದವಳು ನಾನು. ಸ್ಟ್ಯಾನಿ ನೋಡಿದರು. ಚಾಚಿದ ಕೈಯನ್ನು ಮೆಲ್ಲನೆ ಕೊಡೆಯ ಹಿಡಿಕೆಗೆ ಕೊಂಡುಹೋದರು. 'ತೊಂದರೆ ಇಲ್ಲ ರತ್ನಾ' ಎಂದು ಇಳಿದು ಹೋದರು. ನಾನು ಕರೆಯಲಿಲ್ಲ. ಒಳಗೆ ಬಂದು ಸಾಬೂನು ಹಾಕಿ ಕೈ ತೊಳೆದೆ. ಮುಟ್ಟದೇ ಇದ್ದ ಕೈಯನ್ನು.

ಉಡುಪಿಯ ಹಾಸ್ಟೆಲಿನಲ್ಲಿ ನನ್ನ ಪೆಟ್ಟಿಗೆಗೆ ಮೀನಿನ ವಾಸನೆ ಎಂದು ಎಲ್ಲರೂ ಮಂಚ ದೂರ ಎಳೆದುಕೊಂಡಾಗ ನಿನ್ನ ಮಂಚವನ್ನು ಹತ್ತಿರ ಎಳೆದವಳು ನೀನು. ನಿನ್ನ ಗಂಡನ ಎದುರು ನಾನು ಹೀಗೆ ನಿಂತೆ. ಸಮಾಧಾನ ಹೇಳಬೇಡ. ಅವರು ಮನೆಗೆ ಬಂದರೆಂದು ಒಂದು ಸಾಲು ಬರೆ ಸಾಕು.

ರತ್ನಾ


ಅಜೆಕಾರು
3-8-1989

ರತ್ನಾ,

ಸ್ಟ್ಯಾನಿ ಅಲ್ಲಿಗೆ ಬಂದಿದ್ದಾರಾ? ನಿನ್ನೆ ಬೆಳಿಗ್ಗೆ ಸೀಮೆ‌ಎಣ್ಣೆ ತರುತ್ತೇನೆಂದು ಕಾರ್ಕಳಕ್ಕೆ ಹೋದವರು ಬಂದಿಲ್ಲ. ಡಬ್ಬಿ ಇಲ್ಲಿಯೇ ಉಂಟು.

ನಾನು ಸುಳ್ಳು ಹೇಳಿದೆ. ಬೇರೆ ಯಾವ ಹೆಂಗಸೂ ಇಲ್ಲ. ನಿನ್ನ ಪತ್ರವನ್ನು ಅಕ್ಕಿಯ ಡಬ್ಬದ ಹಿಂದೆ ಇಟ್ಟಿದ್ದೆ, ಅವರಿಗೆ ಸಿಕ್ಕಿತು. ಅವತ್ತಿನಿಂದ ಅವರೇ ತಟ್ಟೆ ಬೇರೆ ಮಾಡಿಕೊಂಡರು. ಮೇಬಲ್ ಓಡಿ ಬಂದರೆ ಎದ್ದು ಅಂಗಳಕ್ಕೆ ಹೋಗುತ್ತಾರೆ. ಅವಳು 'ಪಪ್ಪಾನಿಗೆ ನನ್ನ ಮೇಲೆ ಕೋಪ' ಎಂದು ಅಳುತ್ತಾಳೆ. ನಾನು ನೋಡುತ್ತಾ ಇದ್ದೆ, ಬೇಡ ಎನ್ನಲಿಲ್ಲ. ಅವರು ಅಷ್ಟು ದೂರ ಇದ್ದರೆ ಒಳ್ಳೆಯದೇ ಎಂದು ನನಗೂ ಅನಿಸುತ್ತಿತ್ತು.

ರೋಗ ಹೇಗೆ ಬಂತೆಂದು ಅವರೇ ನನಗೆ ಹೇಳಿದ್ದಾರೆ. ಅದನ್ನು ನಾನು ನಿನಗೆ ಬರೆಯುವುದಿಲ್ಲ.

ಹೂಡೆಯಲ್ಲಿ ಕರುಣಾಕರ ಎಂದು ಒಬ್ಬರಿದ್ದಾರೆ. ದುಬೈಯಲ್ಲಿ ಇವರ ಜತೆ ಒಂದೇ ಕೋಣೆಯಲ್ಲಿದ್ದವರು, ಈಗ ಹೊಳೆಬದಿಯಲ್ಲಿ ದೋಣಿ ಇಟ್ಟುಕೊಂಡಿದ್ದಾರೆ. ಅಲ್ಲಿ ಹೋಗಿ ನೋಡುತ್ತೀಯಾ? ನಾನು ಹೊರಟರೆ ಊರಿಡೀ, 'ಎಲ್ಲಿಗೆ, ಯಾಕೆ?' ಎಂದು ಕೇಳುತ್ತದೆ. ಈ ಹೊತ್ತಿನಲ್ಲೂ ನಾನು ಊರಿಗೇ ಹೆದರುತ್ತಿದ್ದೇನೆ ನೋಡು.

ಆನಿ


ಹೂಡೆ
5-8-1989

ಆನಿ,

ಸಿಕ್ಕಿದ್ದಾರೆ. ಮೊದಲು ಅದನ್ನು ಓದಿಕೋ. ಈ ಕಾಗದ ನಿನಗೆ ಮುಟ್ಟುವ ಮೊದಲೇ ಅವರು ಮನೆಗೆ ಬಂದಿರಬಹುದು. ಆದರೂ ಬರೆಯುತ್ತಿದ್ದೇನೆ, ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ.

ನಿನ್ನ ಪತ್ರ ಕೈಗೆ ಬಂದ ಕೂಡಲೇ ಹೂಡೆಯ ಬಸ್ಸು ಹತ್ತಿದೆ. ಕರುಣಾಕರ ನನ್ನನ್ನು ಕಂಡದ್ದೇ, 'ನೀವು ಅವರ ಕಡೆಯವರಾ? ಒಳ್ಳೆಯದಾಯಿತು. ಬಂದಾಗಿನಿಂದ ಹೊಳೆ ನೋಡುತ್ತಾ ಕೂತಿದ್ದಾರೆ. ದೋಣಿ ಒಮ್ಮೆ ಕೊಡು ಮಾರಾಯ, ಆಚೆಗೆ ಹೋಗಿ ಬರುತ್ತೇನೆ ಅಂತಾರೆ. ಈ ನೆರೆಗೆ ಯಾರು ದೋಣಿ ಇಳಿಸುತ್ತಾರೆ? ನಾನು ಹುಟ್ಟು ಅಡಗಿಸಿಟ್ಟಿದ್ದೇನೆ' ಎಂದರು. ಅವರಿಗೆ ರೋಗದ ವಿಷಯ ಗೊತ್ತುಂಟು. ಸ್ಟ್ಯಾನಿ ಬಂದ ಕೂಡಲೇ ಹೇಳಿದರಂತೆ.

ಸ್ಟ್ಯಾನಿ ತೆಂಗಿನ ಬುಡದಲ್ಲಿ ಕೂತಿದ್ದರು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಹೋಗಿ ಅವರ ಕೈ ಹಿಡಿದೆ ಎಂದು ಬರೆಯಲು ಆಸೆ. ಹಿಡಿಯಲಿಲ್ಲ. ಪಕ್ಕದಲ್ಲಿ ಕೂತೆ.

'ಅವತ್ತು ನಾನು ಹೇಳಿದ್ದು ಇಲಿಯ ಕಣದ ಮಾತು ಸ್ಟ್ಯಾನಿ' ಎಂದೆ. 'ಅದನ್ನು ನಾನು ಮನುಷ್ಯರಿಗೆ ಅಂಟಿಸಿ, ದೊಡ್ಡದಾಗಿ, ಚಂದಕ್ಕೆ ಬರೆದೆ. ಮನುಷ್ಯರು ಸಾಯಬೇಕೆಂದು ಯಾವ ಲ್ಯಾಬಿನಲ್ಲೂ ಯಾರೂ ಕಂಡುಹಿಡಿದಿಲ್ಲ.'

ಅವರು ಹೊಳೆಯನ್ನೇ ನೋಡುತ್ತಿದ್ದರು. 'ತಟ್ಟೆ ಲೋಟದ್ದೂ ಸುಳ್ಳು. ಜತೆಗೆ ಉಂಡರೆ, ಮುಟ್ಟಿದರೆ ಬರುವುದಿಲ್ಲ. ಗೊತ್ತಿಲ್ಲದೆ ಬರೆದದ್ದಲ್ಲ. ಓದಿದ್ದೆ. ಹೆದರಿಕೆಯಲ್ಲಿ ಬರೆದೆ.'

ಆಗ ಈ ಕಡೆ ತಿರುಗಿದರು. 'ಹಾಗಾದರೆ ಮೇಬಲ್‌ಳನ್ನು ಎತ್ತಬಹುದಾ?'

'ಎತ್ತಬಹುದು.'

'ಮುತ್ತು ಕೊಡಬಹುದಾ?'

'ಕೊಡಬಹುದು ಸ್ಟ್ಯಾನಿ.'

'ಸರಿಯಾಗಿ ಗೊತ್ತುಂಟಾ ನಿಮಗೆ? ಇದು ಇಲಿಯದ್ದಲ್ವಲ್ಲ?'

ಅಲ್ಲ ಎಂದೆ. ಅವರು ಮೊಣಕಾಲ ಮೇಲೆ ಮುಖ ಇಟ್ಟು ಅತ್ತರು. ಕರುಣಾಕರ ದೂರದಲ್ಲಿ ಬಲೆ ಬಿಡಿಸುತ್ತಿದ್ದವರು ಎದ್ದು ಮನೆಯ ಹಿಂದೆ ಹೋದರು. ಆಮೇಲೆ ಮುಖ ಒರೆಸಿಕೊಂಡು ಸ್ಟ್ಯಾನಿ ಹೇಳಿದ್ದು ಒಂದೇ ಮಾತು: 'ಮೊದಲು ಆನಿಯ ರಕ್ತ ನೋಡಿ. ನನ್ನದು ಆಮೇಲೆ ಯೋಚಿಸುವ.'

ಆದ್ದರಿಂದ ಬಾ. ಗುರುವಾರ ನಾನು ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತೇನೆ.

ರತ್ನಾ


ಅಜೆಕಾರು
17-9-1989

ರತ್ನಾ,

ಮೊನ್ನೆ ರಕ್ತದ ರಿಪೋರ್ಟ್ ತಿಳಿದ ಮೇಲೆ ನಿನ್ನ ಹತ್ತಿರ ಸರಿಯಾಗಿ ಮಾತಾಡದೆ ಬಂದೆ. ನಿನ್ನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ. ಆದರೆ ಇವತ್ತು ಅದರ ಬಗ್ಗೆ ಅಲ್ಲ.

ನೀನು ಬಾಗಿಲು ಹಾಕಿ, 'ಆನಿ, ನಿನಗೆ ಇಲ್ಲ' ಎಂದೆಯಲ್ಲ, ಆಗ ನಾನು ನಕ್ಕದ್ದನ್ನು ನೀನು ನೋಡಿದ್ದೀ. ನಗುವಾ ಅದು! ಕುರ್ಚಿಯಿಂದ ಎದ್ದು ಚಪ್ಪಾಳೆ ಹೊಡೆದೆ. 'ದೇವರೇ, ನಾನು ಉಳಿದೆ' ಎಂದು ಬಾಯಿಬಿಟ್ಟು ಕೂಗಿದೆ. ಪಕ್ಕದ ಕುರ್ಚಿಯಲ್ಲಿ ಸ್ಟ್ಯಾನಿ ಇದ್ದಾರೆ ಎನ್ನುವುದೇ ನನಗೆ ಮರೆತುಹೋಗಿತ್ತು. ತಿರುಗಿ ನೋಡಿದಾಗ ಅವರು ನನ್ನನ್ನೇ ನೋಡುತ್ತಿದ್ದರು.

ಕಾರ್ಕಳದವರೆಗೆ ಬಸ್ಸಿನಲ್ಲಿ ಕಿಟಕಿಯ ಹೊರಗೇ ನೋಡುತ್ತಾ ಕೂತೆ. ಮನೆಗೆ ಬಂದು ಅವರು ಮೇಬಲ್‌ಳನ್ನು ಎತ್ತಿಕೊಂಡು ತೋಡಿನ ನೀರಿನ ಕಡೆ ಹೋದರು. ನಾನು ಒಲೆಯ ಎದುರು ಕೂತು, ನನಗೂ ಇದ್ದಿದ್ದರೆ ಒಳ್ಳೆಯದಿತ್ತಾ ಎಂದು ಯೋಚಿಸಿದೆ. ಇಲ್ಲ, ರತ್ನಾ. ಎಷ್ಟು ಯೋಚಿಸಿದರೂ ಉತ್ತರ ಇಲ್ಲ ಎಂದೇ. ನನಗೆ ಬದುಕಬೇಕು. ಅವರು ಹಾಸಿಗೆಯ ಆ ತುದಿಯಲ್ಲಿ ಮಲಗಿ ಕೆಮ್ಮುವಾಗ ನನಗೆ ಬದುಕಬೇಕು ಎಂದು ಅನಿಸುತ್ತದೆ, ಮತ್ತೆ ಮೈಯೆಲ್ಲ ನಾಚಿಕೆಯಾಗುತ್ತದೆ. ದಿನಾ ಅವರ ಹತ್ತಿರ ಕ್ಷಮೆ ಕೇಳುತ್ತೇನೆ. ಅವರು, 'ಎಂತಕ್ಕೆ?' ಎನ್ನುತ್ತಾರೆ. ಹೇಳಲಿಕ್ಕೆ ಬಾಯಿ ಬರುವುದಿಲ್ಲ.

ಇದನ್ನು ಪಾದ್ರಿಗಳ ಹತ್ತಿರ ಹೇಳಲು ಆಗಲಿಲ್ಲ. ನಿನಗೆ ಬರೆದಿದ್ದೇನೆ.

ಆನಿ


ಅಜೆಕಾರು
6-11-1989

ರತ್ನಾ ಅವರಿಗೆ ಸ್ಟ್ಯಾನಿಸ್ಲಾಸ್ ಮಾಡುವ ನಮಸ್ಕಾರ.

ನಾನು ಪತ್ರ ಬರೆಯುವವನಲ್ಲ. ದುಬೈಯಿಂದ ಆನಿಗೆ ಬರೆಯುವಾಗಲೂ, ಕ್ಷೇಮ, ಬಿಸಿಲು ಜೋರು, ಇಷ್ಟೇ. ತಪ್ಪಿದ್ದರೆ ಮನ್ನಿಸಿ.

ಸತ್ತವರ ಹಬ್ಬದ ಮುಂಚಿನ ದಿನ ನಾವೆಲ್ಲ ಸಿಮಿತ್ರಿಯಲ್ಲಿ ನಮ್ಮ ನಮ್ಮ ಹಿರಿಯರ ಗೋರಿಗಳ ಹುಲ್ಲು ತೆಗೆಯುತ್ತಿದ್ದೆವು. ಪಕ್ಕದಲ್ಲಿ ಡೊಮಿನಿಕ್. ನಾವಿಬ್ಬರೂ ಒಟ್ಟಿಗೆ ಕ್ರಿಸ್ಮಸ್ ಗೋದಲಿ ಕಟ್ಟಿ ಬೆಳೆದವರು. 'ಮತ್ತೆ ದುಬೈಗೆ ಯಾವಾಗ ಮಾರಾಯ?' ಎಂದು ಕೇಳಿದ. ಇಷ್ಟು ತಿಂಗಳು ಎಲ್ಲರಿಗೂ ಹೇಳಿದ ಹಾಗೆ, ಕಂಪೆನಿಯಿಂದ ಕಾಗದ ಬರಬೇಕು ಎನ್ನಬಹುದಿತ್ತು. ಅಪ್ಪನ ಗೋರಿಯ ಮೇಲೆ ಕೈ ಇಟ್ಟುಕೊಂಡು ಸುಳ್ಳು ಬರಲಿಲ್ಲ. 'ಇನ್ನು ದುಬೈ ಇಲ್ಲ. ನನ್ನ ರಕ್ತದಲ್ಲಿ ಆ ಏಡ್ಸ್ ಉಂಟು' ಎಂದೆ.

ಡೊಮಿನಿಕ್ ಸ್ವಲ್ಪ ಹೊತ್ತು ಹುಲ್ಲು ಕೀಳುತ್ತಲೇ ಇದ್ದ. ಆಮೇಲೆ ಅಲ್ಲಿಯ ಕೆಲಸ ಮುಗಿಯದಿದ್ದರೂ ಆಚೆಯ ಸಾಲಿಗೆ ಹೋದ. ಆದಿತ್ಯವಾರ ಪೂಜೆಗೆ ಹೋದಾಗ ನಾವು ಕೂತ ಬೆಂಚಿನಲ್ಲಿ ನಾವು ಮೂವರೇ. ಮೇಬಲ್‌ಗೆ ಖುಷಿ, ಕಾಲು ಚಾಚಿ ಕೂತಳು.

ನಾಚಿಕೆ ಇಲ್ಲವಾ ಎಂದು ಕೇಳಿದರೆ, ಉಂಟು. ನಾನು ಮಾಡಿದ್ದಕ್ಕೆ ಆನಿ ತಲೆ ತಗ್ಗಿಸಿ ನಡೆಯಬೇಕಾಯಿತಲ್ಲ, ಅದಕ್ಕೆ. ಆದರೆ ನಾನು ಬರೆಯಲು ಕೂತದ್ದು ಬೇರೆ ವಿಷಯಕ್ಕೆ.

ಅವತ್ತು ನೀವು, 'ನಿನಗೆ ಇಲ್ಲ' ಎಂದಾಗ ಅವಳು ಎದ್ದು ಕುಣಿದಳಲ್ಲ. ಆ ಮುಖ ನೋಡಿದಿರಾ? ನಮ್ಮ ಮದುವೆಯ ದಿನವೂ ಅವಳು ಹಾಗೆ ನಕ್ಕವಳಲ್ಲ. ದುಬೈ ಏರ್‌ಪೋರ್ಟಿನಿಂದ ಇಲ್ಲಿಯವರೆಗೆ ನನಗೆ ಸಿಕ್ಕಿದ ಒಂದೇ ಒಳ್ಳೆಯ ಗಳಿಗೆ ಅದು. ನಾನು ಇವಳನ್ನು ಕೊಂದಿಲ್ಲ ಎಂದು ಅವಳ ಮುಖದಲ್ಲಿ ಓದಿದೆ. ಅವಳು ಅದಕ್ಕೇ ಕ್ಷಮೆ ಕೇಳುತ್ತಿದ್ದಾಳೆಂದು ನನಗೆ ಗೊತ್ತು. ನಾನು ಬಾಯಿ ತೆಗೆದರೆ ಅವಳು ಅಳುತ್ತಾಳೆ, ಮಾತು ಅಲ್ಲಿಗೇ ನಿಲ್ಲುತ್ತದೆ. ನೀವು ಹೇಳಿ. ನಿಮಗೆ ಬರೆಯಲು ಬರುತ್ತದೆ.

ಅವಳು ಶಾಲೆಯಿಂದ ಬರುವ ಹೊತ್ತಾಯಿತು. ಗಂಜಿಗೆ ಇಡಬೇಕು.

ಸ್ಟ್ಯಾನಿ


ಮಣಿಪಾಲ
13-11-1989

ಆನಿ,

ಸ್ಟ್ಯಾನಿ ನನಗೆ ಬರೆದಿದ್ದಾರೆ. ನಿನಗೆ ಹೇಳಲು ಹೇಳಿದ್ದಾರೆ. ನನ್ನ ಮಾತು ಸೇರಿಸಿದರೆ ಕೆಡುತ್ತದೆಂದು ಹೆದರಿಕೆ, ನನ್ನ ಬರವಣಿಗೆಯ ಮೇಲೆ ನನಗೆ ನಂಬಿಕೆ ಹೋಗಿದೆ. ಆದ್ದರಿಂದ ಅವರ ಕಾಗದವನ್ನೇ ಒಳಗೆ ಇಟ್ಟಿದ್ದೇನೆ. ನೀನೇ ಓದಿಕೋ.

ಪ್ರಬಂಧ ಮುಗಿಯಿತು. ಮುಕ್ತಾಯದಲ್ಲಿ, ಸೋಂಕಿತ ಕಣದ ಸಾವು ದೇಹಕ್ಕೆ ಉಪಕಾರಿ ಎಂದು ನಾನು ಬರೆದ ವಾಕ್ಯವನ್ನು ಹೊಡೆದುಹಾಕಿದೆ. ಮ್ಯಾಥ್ಯೂ ಸರ್ ಯಾಕೆಂದು ಕೇಳಿದರು. ಇಲಿಯ ಕಣದಲ್ಲಿ, ಈ ಒಂದು ವೈರಸ್ಸಿಗೆ, ನಮ್ಮ ತಟ್ಟೆಯಲ್ಲಿ. ಅಷ್ಟೇ ನಾವು ನೋಡಿದ್ದು ಸರ್ ಎಂದೆ. ಹಾಗಾದರೆ ಅಷ್ಟೇ ಬರೆಯಿರಿ ಎಂದರು.

ಸಿಟ್ಟು ಇದ್ದರೆ ಇರಲಿ. ಸಿಟ್ಟಿನಲ್ಲಿಯೇ ಬರೆ. ಬರೆಯದೆ ಇರಬೇಡ.

ರತ್ನಾ


ಅಜೆಕಾರು
10-12-1989

ರತ್ನಾ,

ಅವರ ಪತ್ರ ಓದಿದೆ. ಓದಿದ್ದೇನೆಂದು ಅವರಿಗೆ ಹೇಳಲಿಲ್ಲ. ಆದರೆ ಕ್ಷಮೆ ಕೇಳುವುದನ್ನು ನಿಲ್ಲಿಸಿದೆ. ಅವರಿಗೆ ಗೊತ್ತಾಗಿರಬೇಕು.

ಇಲ್ಲಿಯ ಸುದ್ದಿ ಕೇಳು. ಸಿಮಿತ್ರಿಯ ಮಾತು ಊರಿಡೀ ಹಬ್ಬಿತು. ಮುಖ್ಯೋಪಾಧ್ಯಾಯರು ಕರೆದು, ಕ್ರಿಸ್ಮಸ್ ರಜೆಯವರೆಗೆ ಮನೆಯಲ್ಲಿದ್ದರೆ ಒಳ್ಳೆಯದಿತ್ತು ಟೀಚರೇ, ಮಕ್ಕಳ ತಾಯಂದಿರು ಗಲಾಟೆ ಮಾಡುತ್ತಿದ್ದಾರೆ ಎಂದರು. ಆಯಿತು ಸರ್ ಎಂದೇ ಹೇಳಲು ಹೊರಟದ್ದು. ಬಾಯಿಂದ ಬಂದದ್ದು, 'ರಜೆ ಬೇಕಾದರೆ ನೀವೇ ಬರೆದು ಕೊಡಿ, ಕಾರಣವನ್ನೂ ಬರೆಯಿರಿ' ಎಂದು. ಅವರು ಬರೆಯಲಿಲ್ಲ.

ಮರುದಿನ ಕ್ಲಾಸಿಗೆ ಹೋದರೆ ಇದ್ದದ್ದು ಶಾಲೆ ಗುಡಿಸುವ ಅಪ್ಪಿಯ ಮೊಮ್ಮಗಳು ಸುಂದರಿ ಒಬ್ಬಳೇ. ದೊಡ್ಡ ಕ್ಲಾಸು, ಖಾಲಿ ಬೆಂಚುಗಳು, ಮಧ್ಯದಲ್ಲಿ ಅವಳು. ತಲೆ ಎತ್ತಲು ನಾಚಿಕೆಯಾಯಿತು ನನಗೆ. 'ಟೀಚರ್, ಇವತ್ತು ಪಾಠ ಇಲ್ವಾ?' ಎಂದಳು. ಉಂಟು ಎಂದೆ. ಹಾಜರಿ ಪುಸ್ತಕ ತೆಗೆದು ಎಲ್ಲರ ಹೆಸರನ್ನೂ ಜೋರಾಗಿ ಕರೆದೆ. ಪ್ರತಿಯೊಂದು ಹೆಸರಿಗೂ ಅವಳು ಎದ್ದು ನಿಂತು, 'ಬರಲಿಲ್ಲ ಟೀಚರ್' ಎಂದಳು. ಆಮೇಲೆ ನಾವಿಬ್ಬರೂ ಮಗ್ಗಿ ಹೇಳಿದೆವು.

ವಾರ ಕಳೆದ ಮೇಲೆ ಕೆಲವರು ಬಂದರು. ಮುಂದಿನ ಬೆಂಚುಗಳನ್ನು ಬಿಟ್ಟು ಹಿಂದೆ ಕೂತರು. ಮೊನ್ನೆ ಡೊಮಿನಿಕನ ಮಗ ಬಂದ. ಅಪ್ಪನೇ ಗೇಟಿನವರೆಗೆ ತಂದು ಬಿಟ್ಟ. ನನ್ನ ಕಡೆ ನೋಡದೆ ಹೋದ. ಹುಡುಗ ಬಾಗಿಲಲ್ಲಿ ನಿಂತು ಯೋಚಿಸಿದ. ಆಮೇಲೆ ಬಂದು ಸುಂದರಿಯ ಪಕ್ಕ, ನನ್ನ ಮೇಜಿನ ಎದುರಿಗೇ ಕೂತು, ಪುಸ್ತಕ ತೆರೆದ.

ಆನಿ